ಮರಳು ಕಾಯ್ದ ದ್ರಾಕ್ಷಿ



ದ್ರಾಕ್ಷಿಯ ಬೇರಿನ ರಸ ಹೀರಿ ಬಳ್ಳಿಯನ್ನೇ ಒಣಗಿಸುವ ಫಿಲೋಕ್ಸೆರಾ ಎಂಬ ಹೇನು 1860ರ ದಶಕದಲ್ಲಿ ಅಮೆರಿಕದಿಂದ ಬಂದು ಯುರೋಪಿನ ಬಹುಪಾಲು ತೋಟಗಳನ್ನು ಹಾಳುಮಾಡಿತು. ಆದರೆ ಪೋರ್ಚುಗಲ್ಲಿನ ಲಿಸ್ಬನ್ ಬಳಿ, ಕಡಲತಡಿಯ ಕೊಲಾರೆಸ್ ತೋಟಗಳು ಉಳಿದವು. ಕಾರಣ ಮರಳು. ಸಡಿಲ ಮರಳಿನಲ್ಲಿ ಈ ಹೇನು ಬೇರಿನಿಂದ ಬೇರಿಗೆ ಹರಿದಾಡಲಾರದು.

ಅಲ್ಲಿಯ ರೈತರು ಮರಳನ್ನು ಆಳವಾಗಿ ತೋಡಿ, ಕೆಳಗಿನ ಜೇಡಿಮಣ್ಣಿನಲ್ಲಿ ರಮಿಸ್ಕೊ ತಳಿಯನ್ನು ಕಸಿಯಿಲ್ಲದೆ ನೆಡುತ್ತಾರೆ. ಕಡಲಗಾಳಿಗೆ ತಡಿಕೆ ಕಟ್ಟಿ, ಬಳ್ಳಿಯನ್ನು ನೆಲದ ಮೇಲೆಯೇ ಹಬ್ಬಿಸುತ್ತಾರೆ. ಇದರ ಕೆಂಪು ವೈನ್ ಹೊಸದರಲ್ಲಿ ಬಲು ಒಗರು. ಮರದ ಪೀಪಾಯಿಯಲ್ಲಿಯೂ ಸೀಸೆಯಲ್ಲಿಯೂ ವರ್ಷಗಟ್ಟಲೆ ಇಟ್ಟ ಬಳಿಕವೇ ಮೆದುವಾಗುತ್ತದೆ.

ನಮಗೇನು ಪಾಠ?

ಚಿತ್ತಾಪುರ, ಸೇಡಂ ಭಾಗದಲ್ಲಿ ಹೆಚ್ಚಾಗಿರುವುದು ಮರಳಲ್ಲ, ಸುಣ್ಣದಕಲ್ಲಿನ ಮೇಲಿನ ಎರೆಭೂಮಿ. ಸುಣ್ಣ ಅತಿಯಾದರೆ ಬೇರಿಗೆ ಕಬ್ಬಿಣಾಂಶ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ದ್ರಾಕ್ಷಿ ಹಚ್ಚುವ ಮುನ್ನ:

1. ಮೇಲ್ಮಣ್ಣು, ಕೆಳಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿರಿ. ಕಲ್ಲು ಎಷ್ಟು ಆಳದಲ್ಲಿದೆಯೆಂದು ತೋಡಿ ನೋಡಿರಿ.

2. ವಿಜಯಪುರದ ಬೆಳೆಗಾರರು ಬರ ಹಾಗೂ ಚೌಳಿಗೆ ತಡೆಯಾಗಿ ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಕಸಿ ಕಟ್ಟುತ್ತಾರೆ. ತಮ್ಮ ಮಣ್ಣಿಗೆ ಹೊಂದುವ ಬೇರುಸಸಿಯನ್ನು ತಜ್ಞರನ್ನು ಕೇಳಿಯೇ ಆರಿಸಿರಿ.

3. ವೈನ್ ತಳಿಯ ಹಣ್ಣು ತಿನ್ನುವ ಹಣ್ಣಿನಂತೆ ಪೇಟೆಯಲ್ಲಿ ಬಿಕರಿಯಾಗದು. ರಾಜ್ಯವು 2007ರಲ್ಲಿ ದ್ರಾಕ್ಷಾರಸ ನೀತಿ ತಂದಿದ್ದರೂ, ಕೊಳ್ಳುವವರ ಲಿಖಿತ ಕರಾರಿಲ್ಲದೆ ನೆಡಬೇಡಿರಿ.

ತೊಗರಿ ಕೈಕೊಟ್ಟರೆ ಮರುವರ್ಷ ಬೆಳೆ ಬದಲಿಸಬಹುದು. ದ್ರಾಕ್ಷಿ ಚಪ್ಪರಕ್ಕೆ ಹಾಕಿದ ಹಣ ಹಾಗೆ ಹಿಂದಿರುಗದು. ಮೊದಲು ಮಣ್ಣನ್ನು ಕೇಳಿರಿ, ಆಮೇಲೆ ಬಳ್ಳಿಯನ್ನು ತನ್ನಿರಿ.