ಬೂದಿಯಲ್ಲಿ ಉಳಿದ ಹನ್ನೆರಡು ಲವಣಗಳು

ಹುಬ್ಬಳ್ಳಿಯ ಕೇಶ್ವಾಪುರದಂತಹ ಬಡಾವಣೆಗಳ ಮನೆಗಳಲ್ಲಿ ಕಪಾಟು ತೆರೆದರೆ ಬಿಳಿಯ ಸಿಹಿಗುಳಿಗೆಗಳ ಪುಟ್ಟ ಸೀಸೆಗಳು ಕಾಣುವುದುಂಟು. ಜ್ವರಕ್ಕೆ ಫೆರಮ್ ಫಾಸ್, ಮಗುವಿಗೆ ಹಲ್ಲು ಬರುವಾಗ ಕ್ಯಾಲ್ಕೇರಿಯಾ ಫಾಸ್. 'ಬಯೋಕೆಮಿಕ್' ಎಂದು ಜನ ಕರೆಯುವ ಈ ಗುಳಿಗೆಗಳ ಹಿಂದೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ವಿಜ್ಞಾನದ ಒಂದು ದೊಡ್ಡ ವಿಚಾರವಿದೆ. ಆ ವಿಚಾರದಲ್ಲಿ ನಿಜವಾದದ್ದು ಯಾವುದು, ನಿಲ್ಲದೆ ಹೋದದ್ದು ಯಾವುದು?

ದೇಹವನ್ನು ಸುಟ್ಟರೆ ನೀರು ಆವಿಯಾಗಿ, ಮಾಂಸ-ಕೊಬ್ಬು ಉರಿದುಹೋಗಿ, ಹಿಡಿಯಷ್ಟು ಬೂದಿ ಉಳಿಯುತ್ತದೆ. ಈ ಬೂದಿಯಲ್ಲಿರುವುದು ಸುಣ್ಣ, ಕಬ್ಬಿಣ, ಪೊಟ್ಯಾಸಿಯಂ, ಸೋಡಿಯಂ ಮುಂತಾದವುಗಳ ಲವಣಗಳು. ಸಸ್ಯಗಳು ಮಣ್ಣಿನ ಖನಿಜಗಳಿಲ್ಲದೆ ಬೆಳೆಯಲಾರವೆಂದು 1840ರಲ್ಲಿ ಯೂಸ್ಟಸ್ ಲೀಬಿಗ್ ವಾದಿಸಿದ್ದ. ರೋಗದ ನೆಲೆ ಜೀವಕೋಶವೇ ಎಂದು 1858ರಲ್ಲಿ ರುಡಾಲ್ಫ್ ವಿರ್ಖೋ ಸಾರಿದ. ಈ ಎರಡು ವಿಚಾರಗಳನ್ನು ಜೋಡಿಸಿದವನು ಓಲ್ಡನ್‌ಬರ್ಗಿನ ವೈದ್ಯ ವಿಲ್ಹೆಲ್ಮ್ ಹೈನ್ರಿಖ್ ಶೂಸ್ಲರ್ (1821-1898). ಕೋಶದಲ್ಲಿ ಯಾವುದಾದರೊಂದು ಲವಣದ ಸಮತೋಲ ತಪ್ಪುವುದೇ ರೋಗ, ಅದೇ ಲವಣವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟರೆ ಕೋಶ ಸರಿಹೋಗುತ್ತದೆ ಎಂಬುದು ಅವನ ಸಿದ್ಧಾಂತ. 1874ರಲ್ಲಿ ಇದನ್ನು ಪುಸ್ತಿಕೆಯಾಗಿ ಪ್ರಕಟಿಸಿದ. ಅವನು ಆರಿಸಿಕೊಂಡ ಲವಣಗಳು ಹನ್ನೆರಡು. ಕೊನೆಗಾಲದಲ್ಲಿ ತಾನೇ ಒಂದನ್ನು ಕೈಬಿಟ್ಟ. ಅನುಯಾಯಿಗಳು ಹನ್ನೆರಡನ್ನೇ ಉಳಿಸಿಕೊಂಡರು.

ತನ್ನದು ಹೋಮಿಯೋಪಥಿಯಲ್ಲವೆಂದು ಶೂಸ್ಲರ್ ಹೇಳುತ್ತಿದ್ದ. ಆದರೆ ಔಷಧಿಯನ್ನು ಹಾಲಿನ ಸಕ್ಕರೆಯಲ್ಲಿ ಅರೆದು ತೆಳುಮಾಡುವ ಪದ್ಧತಿ ಅಲ್ಲಿಂದಲೇ ಬಂದದ್ದು. ಹೀಗಾಗಿ ನಮ್ಮಲ್ಲಿ ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಕರ್ನಾಟಕದಲ್ಲಿ ಹೋಮಿಯೋಪಥಿ ಬೇರೂರಲು ಮುಖ್ಯ ಕಾರಣರಲ್ಲಿ ಒಬ್ಬರು ಜರ್ಮನಿಯಿಂದಲೇ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್. 1880ರಲ್ಲಿ ಮಂಗಳೂರಿನಲ್ಲಿ ಬಡವರಿಗಾಗಿ ಅವರು ಆರಂಭಿಸಿದ ಹೋಮಿಯೋಪಥಿ ಔಷಧಾಲಯವೇ ಇಂದಿನ ಕಂಕನಾಡಿಯ ದೊಡ್ಡ ಆಸ್ಪತ್ರೆಯ ಮೂಲ. ಡಾಕ್ಟರು ದೂರವಿದ್ದ, ಕಾಸು ಕಡಿಮೆಯಿದ್ದ ಕಾಲದಲ್ಲಿ ಇಂತಹ ಸಿಹಿಗುಳಿಗೆ ಮನೆಮದ್ದಾದದ್ದು ಆಶ್ಚರ್ಯವಲ್ಲ.

ಇತ್ತ ಲಂಡನ್ನಿನಲ್ಲಿ ಅದೇ ಕಾಲಕ್ಕೆ ಲವಣಗಳ ಮಹಿಮೆ ಬೇರೆ ರೀತಿಯಲ್ಲಿ ಬೆಳಕಿಗೆ ಬಂತು. ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ದೇಹದಿಂದ ತೆಗೆದು ಉಪ್ಪುನೀರಿನಲ್ಲಿ ಮಿಡಿಯುವಂತೆ ಮಾಡಿದ್ದ. ಶುದ್ಧ ಬಟ್ಟಿ ನೀರಿನಲ್ಲಿ ಮಾಡಿದಾಗ ಅದೇಕೋ ನಿಂತುಹೋಯಿತು. ವಿಚಾರಿಸಿದರೆ, ಮೊದಲು ಬಳಸಿದ್ದು ನಲ್ಲಿಯ ನೀರು! ಅದರಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತೆಂದು 1883ರಲ್ಲಿ ಅವನು ಬರೆದ. ಇಂದು ಆಸ್ಪತ್ರೆಯಲ್ಲಿ ಏರಿಸುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿ ಅವನ ಹೆಸರನ್ನೇ ಹೊತ್ತಿದೆ. ವಾಂತಿಭೇದಿಗೆ ಕೊಡುವ ಓ.ಆರ್.ಎಸ್. ಪುಡಿಯೂ ಲವಣ-ಸಕ್ಕರೆಗಳ ಮಿಶ್ರಣವೇ.

ಎಂದರೆ, ಖನಿಜಗಳಿಲ್ಲದೆ ಕೋಶ ಬದುಕದು ಎಂಬ ಮಾತು ಗೆದ್ದಿತು. ಸೋತದ್ದು ಪ್ರಮಾಣದ ಲೆಕ್ಕ. ಗುಳಿಗೆಯ ಸೀಸೆಯ ಮೇಲಿನ '6 ಎಕ್ಸ್' ಎಂಬುದಕ್ಕೆ ಅರ್ಥ, ಹತ್ತು ಪಟ್ಟಿನಂತೆ ಆರು ಸಲ ತೆಳುಮಾಡಿದ್ದು. ಹತ್ತು ಲಕ್ಷ ಭಾಗದಲ್ಲಿ ಲವಣ ಒಂದೇ ಭಾಗ. ರಕ್ತಹೀನತೆ ತಡೆಯಲು ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅಷ್ಟು ಕಬ್ಬಿಣ 6 ಎಕ್ಸ್ ಫೆರಮ್ ಫಾಸ್‌ನಿಂದ ಬರಬೇಕಾದರೆ 60 ಕಿಲೋಗೂ ಹೆಚ್ಚು ಗುಳಿಗೆ ನುಂಗಬೇಕು! ನಾವು ಉಣ್ಣುವ ಒಂದು ತುತ್ತು ಮೆಂತ್ಯೆ ಪಲ್ಯದಲ್ಲಿ ಅದಕ್ಕಿಂತ ಹೆಚ್ಚು ಖನಿಜವಿದೆ. ಅಷ್ಟು ಅಲ್ಪ ಪ್ರಮಾಣ ರೋಗ ಗುಣಪಡಿಸುತ್ತದೆಂಬುದಕ್ಕೆ ನಂಬಬಹುದಾದ ಪರೀಕ್ಷೆಗಳ ಬೆಂಬಲ ದೊರೆತಿಲ್ಲ.

ತಾನಾಗಿಯೇ ಇಳಿಯುವ ನೆಗಡಿಗೆ ಸಿಹಿಗುಳಿಗೆ ತಿಂದರೆ ನಷ್ಟವೇನೂ ಆಗದು. ಆದರೆ ಮಗು ಭೇದಿಯಿಂದ ಸೊರಗಿದಾಗ, ಬಸುರಿಯ ಮುಖ ಬಿಳಿಚಿಕೊಂಡಾಗ ಅದನ್ನೇ ನಂಬಿ ದಿನ ಕಳೆದರೆ ಬೆಲೆ ದುಬಾರಿ. ದೇಹಕ್ಕೆ ಲವಣ ಬೇಕೆಂದು ಶೂಸ್ಲರ್ ಹೇಳಿದ್ದು ಸರಿ. ಎಷ್ಟು ಬೇಕೆಂಬುದನ್ನು ಅಳೆದು ಹೇಳಿದವರು ಅವನ ನಂತರದವರು.