ಲಕ್ಷ ಜನ ಕೇಳುತ್ತಾರೆ, ಹಾಗಾದರೆ ನಿಜವೇ ಇರಬೇಕು?

ಪಾಡ್‌ಕಾಸ್ಟ್ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಇದೇ ದೊಡ್ಡದು. ಅಷ್ಟು ದೊಡ್ಡ ಮೈಕು, ಅಷ್ಟು ಗಂಭೀರ ಧ್ವನಿ, ಅಷ್ಟೊಂದು ಕೇಳುಗರು, ಅಂದಮೇಲೆ ಆಡುವ ಮಾತು ಪರಿಶೀಲಿಸಿದ್ದೇ ಆಗಿರಬೇಕು ಅಂತ. ರೇಡಿಯೊ ಕೇಳಿ ಬೆಳೆದವರಲ್ಲಿ ಈ ನಂಬಿಕೆ ಇನ್ನೂ ಗಟ್ಟಿ. ಆಕಾಶವಾಣಿಯಲ್ಲಿ ಭಾಷಣಕಾರರು ಬರೆದುಕೊಂಡು ಬಂದದ್ದನ್ನು ಇನ್ನೊಬ್ಬರು ನೋಡಿದ ಮೇಲೆಯೇ ಅದು ಮೈಕಿನ ಮುಂದೆ ಹೋಗುತ್ತಿತ್ತು. ಖಾಸಗಿ ಎಫ್‌ಎಂ ನಡೆಸಲು ಸರ್ಕಾರದ ಪರವಾನಗಿ ಬೇಕು. ಅಷ್ಟಿದ್ದರೂ ಅವು ಸ್ವಂತ ಸುದ್ದಿ ಓದುವಂತಿಲ್ಲ. ಪಾಡ್‌ಕಾಸ್ಟ್‌ಗೆ ಇದ್ಯಾವ ಕಟ್ಟುಪಾಡೂ ಇಲ್ಲ. ಪರವಾನಗಿ ಬೇಡ, ಸಂಪಾದಕ ಇರಲೇಬೇಕೆಂದಿಲ್ಲ. ಕೈಯಲ್ಲೊಂದು ಫೋನಿದ್ದರೆ ಮಳವಳ್ಳಿಯ ಯಾವುದೋ ಮನೆಯ ಕೋಣೆಯಿಂದ ಇವತ್ತು ಸಂಜೆಯೇ ಶುರು ಮಾಡಬಹುದು.

ಹಾಗಿದ್ದರೆ ಆರಿಸುವುದು ಹೇಗೆ? ನಾನು ಹೇಳುವ ಉಪಾಯ ಒಂದೇ. ಯಾವ ಪಾಡ್‌ಕಾಸ್ಟ್ ಆಗಲಿ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲಿನ ಕಂತನ್ನೇ ಮೊದಲು ಕೇಳಿ. ಗೊತ್ತಿರುವುದರಲ್ಲಿ ಅವರು ಎಡವಿದರೆ, ಗೊತ್ತಿಲ್ಲದ್ದರಲ್ಲಿ ಅವರನ್ನು ನಂಬಲು ಯಾವ ಕಾರಣವೂ ಇರುವುದಿಲ್ಲ. ರೇಷ್ಮೆ ಬೆಳೆಯುವವರು ರೇಷ್ಮೆಯ ಕಂತು ಕೇಳಲಿ, ಮೇಷ್ಟ್ರು ಶಿಕ್ಷಣದ್ದು ಕೇಳಲಿ. ಶಿವನಸಮುದ್ರದ ಸುತ್ತಮುತ್ತಲಿನವರಿಗಂತೂ ಈ ಪರೀಕ್ಷೆ ಸಲೀಸು. ಕರ್ನಾಟಕದ ಇತಿಹಾಸ ಹೇಳಲು ಕೂತವರು ಇವತ್ತಲ್ಲ ನಾಳೆ ಇಲ್ಲಿಯ ಕರೆಂಟಿನ ಕಥೆಗೆ ಬಂದೇ ಬರುತ್ತಾರೆ.

ಬಂದಾಗ ಕಿವಿಗೊಟ್ಟು ಕೇಳಿ. "ಈ ವಿದ್ಯುತ್ ಕೇಂದ್ರ ಕಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ" ಎಂದರೆ ಅಲ್ಲೇ ಒಂದು ಅಂಕ ಕಳೆಯಿರಿ. ಕೋಲಾರದ ಚಿನ್ನದ ಗಣಿಗೆ ಇಲ್ಲಿಂದ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಆಗ ವಿಶ್ವೇಶ್ವರಯ್ಯನವರು ಇನ್ನೂ ಬೊಂಬಾಯಿ ಪ್ರಾಂತ್ಯದ ಸೇವೆಯಲ್ಲಿದ್ದರು. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಯೋಜನೆಯ ಹಿಂದಿದ್ದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಕೆನಡಾ ಮೂಲದ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೆರ್. ಟರ್ಬೈನು ಬಂದದ್ದು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಪಾಪ, ಶೇಷಾದ್ರಿ ಅಯ್ಯರ್ ಅದು ಶುರುವಾದದ್ದನ್ನು ನೋಡಲೇ ಇಲ್ಲ, 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ವಿಶ್ವೇಶ್ವರಯ್ಯನವರ ಹೆಸರು ಇದಕ್ಕೆ ಅಂಟಿಕೊಂಡದ್ದಕ್ಕೂ ಒಂದು ಕಾರಣವಿದೆ. ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ನೀರು ಸಿಗುವಂತೆ ಮಾಡುವುದೂ ಒಂದಾಗಿತ್ತು. ಒಳ್ಳೆಯ ಪಾಡ್‌ಕಾಸ್ಟ್ ಆದರೆ ಈ ಎರಡನ್ನೂ ಬೇರೆಬೇರೆ ಮಾಡಿ ಹೇಳುತ್ತದೆ.

"ಏಷ್ಯಾದಲ್ಲೇ ಮೊದಲ ಜಲವಿದ್ಯುತ್" ಎಂಬುದು ಇನ್ನೊಂದು. ಜಪಾನಿನ ಕ್ಯೋಟೊ ನಗರದ ಕೆಯಾಗೆಯಲ್ಲಿ 1891ರಲ್ಲೇ ನೀರಿನಿಂದ ವಿದ್ಯುತ್ ತೆಗೆದಿದ್ದರು. ಅಷ್ಟು ದೂರ ಯಾಕೆ, ನಮ್ಮ ದಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ ಕೇಂದ್ರ 1897ರದು. ಅದು ಪುಟ್ಟದು, 130 ಕಿಲೋವಾಟ್. ದೇಶದ ಮೊದಲ ದೊಡ್ಡ ಪ್ರಮಾಣದ ಜಲವಿದ್ಯುತ್ ಕೇಂದ್ರ ಎಂಬ ಗೌರವ ಶಿವನಸಮುದ್ರಕ್ಕೆ ಧಾರಾಳವಾಗಿ ಸಲ್ಲುತ್ತದೆ, ಅದಕ್ಕೆ ಏಷ್ಯಾದ ಕಿರೀಟ ತೊಡಿಸುವ ಅಗತ್ಯವಿಲ್ಲ. ಗಣಿಯವರೆಗಿನ ಸುಮಾರು 147 ಕಿಲೋಮೀಟರ್ ತಂತಿ ಜಗತ್ತಿನಲ್ಲೇ ಉದ್ದದ್ದು ಎನ್ನುವುದೂ ಇದೇ ಜಾತಿಯ ಮಾತು. ಒಂದು ವರ್ಷ ಮೊದಲೇ, 1901ರಲ್ಲಿ, ಕ್ಯಾಲಿಫೋರ್ನಿಯಾದ ಕೋಲ್ಗೇಟ್ ಕೇಂದ್ರದಿಂದ ಓಕ್ಲೆಂಡಿಗೆ ಸುಮಾರು 228 ಕಿಲೋಮೀಟರ್ ತಂತಿ ಎಳೆದಾಗಿತ್ತು. ಇನ್ನು ಬೆಂಗಳೂರಿನ ಬೀದಿದೀಪ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ನಗರ ಬೆಳಗಿದ್ದು ನಿಜ. ಏಷ್ಯಾದಲ್ಲಿ ಮೊದಲು ಎನ್ನುವುದು ನಿಜವಲ್ಲ. ಶಾಂಘೈ ಬೀದಿಗಳಲ್ಲಿ 1882ರಲ್ಲೇ ವಿದ್ಯುದ್ದೀಪ ಉರಿದಿತ್ತು.

ಸಣ್ಣ ತಪ್ಪುಗಳೂ ಬಹಳ ಹೇಳುತ್ತವೆ. ಗಗನಚುಕ್ಕಿ, ಭರಚುಕ್ಕಿ ಜಲಪಾತಗಳೆರಡನ್ನೂ ಮಂಡ್ಯ ಜಿಲ್ಲೆಗೆ ಸೇರಿಸಿ ಮಾತಾಡುವವರು ಇಲ್ಲಿಗೆ ಬಂದೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಗಗನಚುಕ್ಕಿ ಮಳವಳ್ಳಿ ತಾಲ್ಲೂಕಿನದು, ಭರಚುಕ್ಕಿ ಕೊಳ್ಳೇಗಾಲದ್ದು, ಅಂದರೆ ಚಾಮರಾಜನಗರ ಜಿಲ್ಲೆ. ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕೇ ಕಿವಿ ಮುಚ್ಚಿಕೊಳ್ಳಬೇಕಿಲ್ಲ. "ಇದಕ್ಕೆ ಆಧಾರ ಇಂಥದ್ದು" ಎಂದು ಹೇಳುವ, ಮುಂದಿನ ಕಂತಿನಲ್ಲಿ ತಿದ್ದಿಕೊಳ್ಳುವ ನಿರೂಪಕರನ್ನು ಹಿಡಿದಿಟ್ಟುಕೊಳ್ಳಿ. ಎಲ್ಲವನ್ನೂ "ಜಗತ್ತಿಗೇ ಗೊತ್ತಿಲ್ಲದ ರಹಸ್ಯ" ಎಂದು ಶುರು ಮಾಡುವವರನ್ನು ಬಿಟ್ಟುಬಿಡಿ. ಆರೋಗ್ಯ, ಹಣಕಾಸಿನ ಕಂತುಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಬಂದ ಅತಿಥಿ ಏನು ಮಾರುತ್ತಿದ್ದಾರೆ? ಮಾತು ಮುಗಿಯುವ ಹೊತ್ತಿಗೆ ಒಂದು ಕೋರ್ಸೋ ಪುಡಿಯೋ ಹೊರಗೆ ಬಂದರೆ ನೀವು ಅಷ್ಟು ಹೊತ್ತು ಕೇಳಿದ್ದು ಜಾಹೀರಾತು.

"ಪಾಡ್‌ಕಾಸ್ಟ್ ಅಂದರೆ ಯೂಟ್ಯೂಬ್‌ನಲ್ಲಿ ಇಬ್ಬರು ಕೂತು ಮಾತಾಡೋದು"

ಈಗ ಹಾಗೆ ಕಾಣುತ್ತದೆ ನಿಜ. ಎರಡು ಕುರ್ಚಿ, ಎರಡು ಮೈಕು, ಹಿಂದೆ ಒಂದು ನೀಲಿ ದೀಪ. ಮೂಲದಲ್ಲಿ ಪಾಡ್‌ಕಾಸ್ಟ್ ಬರೀ ಧ್ವನಿ. ಮಾಡಿದವರು ಧ್ವನಿಯ ಕಡತವನ್ನು ಒಂದು ಕಡೆ ಇಡುತ್ತಾರೆ, ಆರ್‌ಎಸ್‌ಎಸ್ ಎಂಬ ಪಟ್ಟಿಯಲ್ಲಿ ಅದರ ವಿಳಾಸ ಸೇರಿಸುತ್ತಾರೆ. ನಿಮ್ಮ ಫೋನಿನ ಆ್ಯಪ್ ಆಗಾಗ ಆ ಪಟ್ಟಿ ನೋಡಿ, ಹೊಸದು ಬಂದಿದ್ದರೆ ಇಳಿಸಿಕೊಳ್ಳುತ್ತದೆ. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಇದನ್ನು ಸೇರಿಸಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು.

ಈ ವ್ಯತ್ಯಾಸ ಹಳ್ಳಿಯಲ್ಲಿರುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಹೆಚ್ಚೆಂದರೆ 1 ಎಂಬಿ ಡೇಟಾ ಸಾಕು, ಅರ್ಧ ಗಂಟೆಯ ಕಂತಿಗೆ 28 ಎಂಬಿ ಆಸುಪಾಸು. ಬರೀ ಮಾತಿನ ಕಾರ್ಯಕ್ರಮಗಳನ್ನು ಅದರ ಅರ್ಧಕ್ಕೂ ಇಳಿಸಿ ಕೊಡುವವರಿದ್ದಾರೆ. ವಿಡಿಯೊ ಆದರೆ ಇದರ ಹಲವು ಪಟ್ಟು ಬೇಕು. ಜೊತೆಗೆ, ದುಡ್ಡು ಕಟ್ಟದೆ ಯೂಟ್ಯೂಬ್ ಆ್ಯಪ್ ಬಳಸುವವರು ಪರದೆ ಆರಿಸಿದರೆ ಮಾತೂ ನಿಲ್ಲುತ್ತದೆ. ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹಾಗಲ್ಲ. ರಾತ್ರಿ ಮನೆಯಲ್ಲಿ ಕಂತಿನ ಪಕ್ಕದ ಕೆಳಬಾಣ ಒತ್ತಿ ಇಳಿಸಿಟ್ಟರಾಯಿತು. ಬೆಳಿಗ್ಗೆ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಕೇಳಬಹುದು. ನೆಟ್‌ವರ್ಕ್ ಇದ್ದರೂ ಸರಿ, ಹೋದರೂ ಸರಿ.

ಇದರ ಜೊತೆಗೇ ಬರುವ ಇನ್ನೊಂದು ಭಯ, "ಆ್ಯಪ್ ಮುಚ್ಚಿದರೆ ಕಾರ್ಯಕ್ರಮವೂ ಹೋಯಿತು" ಎಂಬುದು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಅದರಲ್ಲಿದ್ದ ಕಾರ್ಯಕ್ರಮಗಳಿಗೆ ಏನೂ ಆಗಲಿಲ್ಲ, ಅವು ಬೇರೆ ಆ್ಯಪ್‌ಗಳಲ್ಲಿ ಹಾಗೇ ಇದ್ದವು. ದುಡ್ಡು ಕೊಡಲೇಬೇಕು ಎನ್ನುವುದೂ ಸುಳ್ಳು. ಆ್ಯಂಟೆನಾಪಾಡ್ ಎಂಬ ಆಂಡ್ರಾಯ್ಡ್ ಆ್ಯಪ್ ಪೂರ್ತಿ ಉಚಿತ, ಅದು ತನ್ನದಾಗಿ ಜಾಹೀರಾತನ್ನೂ ತೋರಿಸುವುದಿಲ್ಲ. ಕುಕು ಎಫ್‌ಎಂ, ಪಾಕೆಟ್ ಎಫ್‌ಎಂ ಥರದವು ಹೆಚ್ಚಾಗಿ ದುಡ್ಡಿಗೆ ಕಥೆ ಕೇಳಿಸುವ ವ್ಯಾಪಾರ. ಅದು ಬೇರೆ ಲೋಕ.

"ಕನ್ನಡದಲ್ಲಿ ಏನಿದೆ ಬಿಡಿ"

ಹುಡುಕುವ ರೀತಿಯಲ್ಲೇ ತೊಂದರೆ ಇದೆ. ಕನ್ನಡದ ಎಷ್ಟೋ ಕಾರ್ಯಕ್ರಮಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಹಾಗಾಗಿ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯಲ್ಲೊಮ್ಮೆ ಹುಡುಕಬೇಕು. ಆ್ಯಪ್‌ಗಳು ಹೆಚ್ಚಾಗಿ ಶೀರ್ಷಿಕೆ, ವಿವರಣೆಗಳನ್ನು ನೋಡುತ್ತವೆ, ಒಳಗೆ ಆಡಿದ ಮಾತನ್ನಲ್ಲ. ಹಾಗಾಗಿ ವಿಷಯದ ಬದಲು ನಿಮಗಿಷ್ಟದ ಲೇಖಕರ, ರಂಗಕರ್ಮಿಯ, ವಿಜ್ಞಾನಿಯ ಹೆಸರು ಹಾಕಿ ನೋಡಿ. ಅವರು ಅತಿಥಿಯಾಗಿ ಹೋದ ಕಾರ್ಯಕ್ರಮ ಸಿಕ್ಕರೆ, ಅಲ್ಲಿಂದ ಇನ್ನೊಂದಕ್ಕೆ ದಾರಿ ಸಿಗುತ್ತದೆ.

ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ನಡೆಸಿಕೊಟ್ಟ 'ತಲೆ-ಹರಟೆ' ಇತಿಹಾಸ, ವಿಜ್ಞಾನ, ಅರ್ಥಶಾಸ್ತ್ರ, ಸಂಸ್ಕೃತಿ ಎಲ್ಲವನ್ನೂ ಮಾತುಕತೆಯ ಕನ್ನಡದಲ್ಲಿ ಚರ್ಚಿಸಿತು. 'ಪ್ರಜಾವಾಣಿ' ತನ್ನ ಬರಹಗಳನ್ನು ಓದಿ ಕೇಳಿಸುತ್ತದೆ. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಬಿಎಸ್‌ಗೆ ಕನ್ನಡದ್ದೇ ಒಂದು ವಿಭಾಗವಿದೆ. ಸಿಡ್ನಿ, ಮೆಲ್ಬರ್ನ್‌ನ ಕನ್ನಡಿಗರಿಗಾಗಿ ಮಾಡಿದ್ದನ್ನು ಮದ್ದೂರಿನಲ್ಲಿ ಕೂತೂ ಕೇಳಬಹುದು. ಇಂಗ್ಲಿಷಿನ ರಾಶಿಯ ಮುಂದೆ ಇದು ಕಡಿಮೆಯೇ, ಒಪ್ಪೋಣ. ಆದರೆ ಏನೂ ಇಲ್ಲ ಎನ್ನುವವರಲ್ಲಿ ಹೆಚ್ಚಿನವರು ಹುಡುಕಿಯೇ ಇಲ್ಲ.

ಸ್ಟುಡಿಯೊ ಇಲ್ಲದವರು ಮಾಡಿದ್ದು ಕೇಳಲು ಯೋಗ್ಯವಲ್ಲ ಎನ್ನುವವರಿಗೆ ಮೈಸೂರಿನ ಉದಾಹರಣೆ ಸಾಕು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ರೇಡಿಯೊ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅದಕ್ಕಿಟ್ಟಿದ್ದ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ದೇಶದ ರೇಡಿಯೊ ಇಟ್ಟುಕೊಂಡಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಈ ಶತಮಾನದ ಆರಂಭದಲ್ಲಿ, ಸಮುದಾಯಕ್ಕೆ ರೇಡಿಯೊ ಪರವಾನಗಿ ಸಿಗದಿದ್ದಾಗ, 'ನಮ್ಮ ಧ್ವನಿ'ಯನ್ನು ಕೇಬಲ್ ಮೂಲಕ ಮನೆಮನೆಗೆ ಹರಿಸಿದರು. ಹಿನ್ನೆಲೆಯಲ್ಲಿ ಕೋಳಿ ಕೂಗಿದರೂ ಪರವಾಗಿಲ್ಲ. ಮಾತು ಅರ್ಥವಾಗದಷ್ಟು ಗೊರಗೊರ ಇದ್ದರೆ ಮಾತ್ರ ಬಿಡಿ.

"ಮೊದಲ ಕಂತಿನಿಂದಲೇ ಕೇಳಬೇಕು"

ಮಳವಳ್ಳಿ, ಕೊಳ್ಳೇಗಾಲದ ಈ ಸೀಮೆಯವರು ಹೀಗೆ ಹೇಳಿದರೆ ನಗು ಬರುತ್ತದೆ. ಮಾದಪ್ಪನ ಕಾವ್ಯವನ್ನು ಕಂಸಾಳೆಯವರ ಬಾಯಲ್ಲಿ ಕೇಳಿದವರು ಎಂದಾದರೂ ಮೊದಲಿಂದ ಕೊನೆಯವರೆಗೆ ಹಾಡಿ ಎಂದದ್ದುಂಟೇ? ಒಂದು ರಾತ್ರಿ ಸಂಕಮ್ಮನ ಸಾಲು, ಇನ್ನೊಂದು ರಾತ್ರಿ ಸರಗೂರಯ್ಯನ ಸಾಲು. ಯಾವ ಸಾಲಿನಿಂದ ಹೊಕ್ಕರೂ ಕಥೆ ಕೈ ಹಿಡಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ತಂಬೂರಿ ಹಿಡಿದು ಹಾಡುವುದೂ ಹೀಗೆಯೇ. ಪಾಡ್‌ಕಾಸ್ಟ್ ಹೊಸದು, ಪರದೇಶದ್ದು, ನಮಗೆ ಒಗ್ಗುವುದಲ್ಲ ಎನ್ನುವವರಿಗೂ ಇದೇ ಉತ್ತರ. ಕಿವಿಯಿಂದ ಕಥೆ ಕೇಳುವುದರಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ.

ಒಂದೇ ಕಥೆಯನ್ನು ಕಂತುಕಂತಾಗಿ ಹೇಳುವ ಪಾಡ್‌ಕಾಸ್ಟ್‌ಗಳು ಇದಕ್ಕೆ ಹೊರತು. ಅವನ್ನು ಒಂದರಿಂದಲೇ ಹಿಡಿಯಬೇಕು. ಉಳಿದವುಗಳಲ್ಲಿ ಶೀರ್ಷಿಕೆ ನೋಡಿ ಹಿಡಿಸಿದ ಕಂತಿಗೆ ಹೋಗಿ. ಹತ್ತು ನಿಮಿಷದಲ್ಲಿ ಮನಸ್ಸು ಹತ್ತದಿದ್ದರೆ ಎದ್ದುಬಿಡಿ. ಮೂರು ಗಂಟೆ ಮಾತಾಡಿದ್ದಾರೆ ಅಂದಮಾತ್ರಕ್ಕೆ ಅದು ಆಳವಾಗಿರಬೇಕೆಂದಿಲ್ಲ, ಕತ್ತರಿಸುವ ಕಷ್ಟ ತೆಗೆದುಕೊಂಡಿಲ್ಲ ಎಂದೂ ಇರಬಹುದು.

"ಕೇಳಿದ್ದು ತಲೆಯಲ್ಲಿ ನಿಲ್ಲೋದಿಲ್ಲ"

ಇದರಲ್ಲಿ ಅರ್ಧ ನಿಜವಿದೆ. ಬೆತ್ ರೊಗೌಸ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೆಲವರು ಓದಿದರು, ಕೆಲವರು ಕೇಳಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಆ ಕೂಡಲೇ ಪರೀಕ್ಷಿಸಿದರೂ ಎರಡು ವಾರ ಬಿಟ್ಟು ಪರೀಕ್ಷಿಸಿದರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಪುಸ್ತಕ ಯುದ್ಧಕಾಲದ ಒಬ್ಬನ ಜೀವನಕಥೆ. ಡೇವಿಡ್ ಡೇನಿಯಲ್ ಮತ್ತು ವಿಲಿಯಂ ವುಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟದ್ದು ಪಾಠದ ಲೇಖನ. ಓದಿದವರು 100ಕ್ಕೆ 81 ತೆಗೆದರು, ಅದನ್ನೇ ಪಾಡ್‌ಕಾಸ್ಟ್‌ನಲ್ಲಿ ಕೇಳಿದವರು 59.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗನ್ನಿಸುವುದು ಇಷ್ಟು: ಕಥೆಯ ರೂಪದಲ್ಲಿದ್ದರೆ ಕಿವಿ ಸಾಕು, ತಿರುಗಿ ತಿರುಗಿ ನೋಡಬೇಕಾದ ಪಾಠಕ್ಕೆ ಕಣ್ಣು ಬೇಕು. ಪಿಯುಸಿ ಹುಡುಗರು ಪರೀಕ್ಷೆಯ ಹಿಂದಿನ ದಿನ ಇಯರ್‌ಫೋನ್ ಹಾಕಿಕೊಂಡು "ಓದ್ತಾ ಇದೀನಿ ಅಮ್ಮ" ಎಂದರೆ ಅಮ್ಮ ನಂಬಬೇಕಾಗಿಲ್ಲ. ಪಾತ್ರೆ ತೊಳೆಯುತ್ತಾ, ಸೊಪ್ಪು ಕೊಯ್ಯುತ್ತಾ, ಮಳವಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಲೆಕ್ಕ ಬರೆಯುತ್ತಾ ಕೇಳಿದರೆ ಲೆಕ್ಕವೂ ತಪ್ಪುತ್ತದೆ, ಮಾತೂ ತಪ್ಪುತ್ತದೆ. ಬೈಕ್ ಮೇಲೆ ಎರಡೂ ಕಿವಿಗೆ ಸಿಕ್ಕಿಸಿಕೊಂಡು ಹೋಗುವುದು ಮಾತ್ರ ಬೇಡವೇ ಬೇಡ.

"ನಿಂತುಹೋದದ್ದನ್ನು ಕೇಳಿ ಏನು ಪ್ರಯೋಜನ"

ಪಾಡ್‌ಕಾಸ್ಟ್ ಮಾಡುವವರೆಲ್ಲ ದುಡ್ಡು ಎಣಿಸುತ್ತಿದ್ದಾರೆ ಎಂಬ ಭ್ರಮೆಯೂ ಇದರ ಹಿಂದಿದೆ. ಕೆಲಸ ಮುಗಿಸಿ ಮನೆಗೆ ಬಂದು ರಾತ್ರಿ ಧ್ವನಿಮುದ್ರಿಸಿ, ಭಾನುವಾರ ಕತ್ತರಿಸಿ ಹಾಕುವವರೇ ಬಹಳ. ಒಂದಷ್ಟು ಕಂತಿನ ಮೇಲೆ ಸುಸ್ತಾಗಿ ನಿಲ್ಲಿಸುತ್ತಾರೆ. ಹಾಗೆ ನಿಂತರೂ ಹಳೆಯ ಕಂತುಗಳು ಅಲ್ಲೇ ಇರುತ್ತವೆ. ಇತಿಹಾಸ, ಸಾಹಿತ್ಯ, ಸಂಗೀತದ ಮಾತಿಗೆ ಐದು ವರ್ಷ ಕಳೆದರೂ ಹುಳಿ ಬರುವುದಿಲ್ಲ. ಷೇರುಪೇಟೆಯದು, ಸರ್ಕಾರಿ ಯೋಜನೆಯದು ಆದರೆ ತಾರೀಖು ನೋಡಿಕೊಂಡು ಕೇಳಿ.

ನಿಮಗೆ ಹಿಡಿಸಿದ ಕನ್ನಡದ ಕಾರ್ಯಕ್ರಮ ಇನ್ನೂ ನಡೆಯುತ್ತಿದ್ದರೆ ಮಾಡಿದವರಿಗೆ ಎರಡು ಸಾಲು ಬರೆಯಿರಿ, ಸಂಪರ್ಕದ ವಿವರ ಸಾಮಾನ್ಯವಾಗಿ ಕಂತಿನ ಕೆಳಗೆ ಇರುತ್ತದೆ. "ಸೂಪರ್" ಅಂತಷ್ಟೇ ಬೇಡ. ಯಾವ ಮಾತು ಹಿಡಿಸಿತು, ಯಾವುದು ತಪ್ಪು ಎಂದು ಬರೆಯಿರಿ. ಅಚ್ಚಾದ ಪುಸ್ತಕವಾದರೆ ತಿದ್ದಲು ಮರುಮುದ್ರಣಕ್ಕೆ ಕಾಯಬೇಕು. ಪಾಡ್‌ಕಾಸ್ಟ್ ಮಾಡಿದವರು ಮನಸ್ಸು ಮಾಡಿದರೆ ಅದೇ ರಾತ್ರಿ ಧ್ವನಿಕಡತ ತಿದ್ದಿ, ಅದೇ ಕಂತಿನ ಜಾಗದಲ್ಲಿ ಮತ್ತೆ ಹಾಕಬಹುದು.