ಹಿತ್ತಲಿನಲ್ಲಿ ದೊಡ್ಡ ಕುಂಬಳಕಾಯಿ

ಬಳ್ಳಿ ತುಂಬ ಹೂವು, ಕಾಯಿ ಮಾತ್ರ ನಿಲ್ಲುವುದಿಲ್ಲವೆಂಬುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿತ್ತಲುಗಳಲ್ಲೂ ಇರುವ ದೂರು. ಕುಂಬಳದಲ್ಲಿ ಮೊದಲು ಬರುವವು ಗಂಡು ಹೂಗಳು; ಅವು ಉದುರುವುದು ಸಹಜ. ಬುಡದಲ್ಲಿ ಪುಟ್ಟ ಹೀಚಿರುವುದೇ ಹೆಣ್ಣು ಹೂವು. ಜೇನುನೊಣ ಕಡಿಮೆಯಿದ್ದಲ್ಲಿ ಬೆಳಿಗ್ಗೆ 9 ಗಂಟೆಯೊಳಗೆ ಗಂಡು ಹೂವಿನ ಎಸಳು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಬೇಕು. ಆ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಬಾರದು.

ದೊಡ್ಡ ಕಾಯಿಗೆ ಜವಾರಿ ಬೀಜವೇ ಲೇಸು. ಹೆಸರಘಟ್ಟದ ಅರ್ಕಾ ಚಂದನ್ 2-3 ಕಿಲೋ ತೂಗುತ್ತದೆ. ಬಳ್ಳಿಗೆ ಒಂದೆರಡು ಕಾಯಿ ಬಿಟ್ಟು ಉಳಿದವನ್ನು ಎಳೆಯದಿರುವಾಗಲೇ ಕೊಯ್ಯಿರಿ. ಮನಸ್ಸು ಒಪ್ಪದು, ಆದರೆ ಪಲ್ಯಕ್ಕಾದರೂ ಆದೀತು. ಎರೆಮಣ್ಣಿನ ಹಸಿ ತಾಗದಂತೆ ಕಾಯಿಯ ಕೆಳಗೆ ಹುಲ್ಲು ಹಾಸಬೇಕು. ಬಲಿತ ಕಾಯಿಯನ್ನು ತೊಟ್ಟುಸಹಿತ ಕೊಯ್ದು ಗಾಳಿಯಾಡುವಲ್ಲಿಟ್ಟರೆ ಎರಡು-ಮೂರು ತಿಂಗಳಾದರೂ ಗಾರಿಗೆಗೆ ಒದಗುತ್ತದೆ.